ಸೀರಿಯಸ್ ಅಂತಷ್ಟ ಹೇಳು

ಸೆಪ್ಟೆಂಬರ್ 17, ಬೆಳಿಗ್ಗೆ

ಇವತ್ತು ಇಂಗ್ಲಿಷ್ ಪೀರಿಯಡ್ ಇದೆ. ಬಾತ್‌ರೂಮ್ ಕ್ಯೂನಲ್ಲಿ ಬಕೆಟ್ ಇಟ್ಟು ಬಂದಿದ್ದೇನೆ. ರೂಮ್‌ಮೇಟ್ ಹುಚ್ಚೇಶ ಎರಡೂ ಬಕೆಟ್ ಕಾಯುತ್ತ ನಿಂತಿದ್ದಾನೆ – ತನ್ನದು, ನನ್ನದು. ಮೆಸ್ಸಿನಲ್ಲಿ ಇವತ್ತೂ ಉಪ್ಪಿಟ್ಟು. ತಿನ್ನಬೇಕು.

ಸಂಜೆ

ಇಂಗ್ಲಿಷ್‌ನ ಜುಲೇಖಾ ಮೇಡಂ ಡಬ್ಬಿಯಲ್ಲಿ ಚೀಟಿ ಹಾಕಿ ತಂದಿದ್ದರು. ಒಂದು ಚೀಟಿಗೆ ಎರಡು ಪದ. ಮನುಷ್ಯರ ಸ್ವಭಾವ ಹೇಳುವಂಥವು, ಹತ್ತಿರ ಹತ್ತಿರದವು. ಎರಡಕ್ಕೂ ಏನು ವ್ಯತ್ಯಾಸ ಅಂತ ಕ್ಲಾಸಿನ ಮುಂದೆ ನಿಂತು ಇಂಗ್ಲಿಷ್‌ನಲ್ಲಿ ಹೇಳಬೇಕು. ಇಂಟರ್ನಲ್ ಮಾರ್ಕ್ಸ್. ಹುಚ್ಚೇಶನಿಗೆ ಶೈ ಮತ್ತು ರಿಸರ್ವ್ಡ್. ನನಗೆ ನೈಸ್ ಮತ್ತು ಕೈಂಡ್.

"ನಿಂದ ಭಾಳ ಸರಳ ಬಂತು ನೋಡಲೇ" ಅಂದ. "ಎರಡೂ ಒಂದ. ಚಲೋ ಮನಷ್ಯಾ ಅನ್ನು, ಕುಂಡ್ರು."

"ಒಂದ ಇದ್ರ ಎರಡು ಪದ ಯಾಕ ಮಾಡ್ಯಾರ?"

"ಇಂಗ್ಲಿಷರಿಗೆ ಬ್ಯಾರೆ ಕೆಲಸ ಇರಲಿಲ್ಲ."

ಹುಚ್ಚೇಶ ಇಳಕಲ್ಲಿನವ. ಮನೆಯಲ್ಲಿ ಕೈಮಗ್ಗ. ಸೀರೆ ನೇಯುವವಳು ತಾಯಿ, ಚಂದ್ರವ್ವ. ಅಟೆಂಡೆನ್ಸ್ ಹೊತ್ತಿನಲ್ಲಿ ಇವನ ಹೆಸರಿಗೆ ಕ್ಲಾಸು ನಕ್ಕರೆ ತಾನೂ ನಗುತ್ತಾನೆ. "ನಮ್ಮ ದೇವರ ಹೆಸರಲೇ ಅದು" ಅನ್ನುತ್ತಾನೆ. ಅವನ ಜಾಗದಲ್ಲಿ ನಾನಿದ್ದರೆ ಕಾಲೇಜು ಬಿಟ್ಟಿರುತ್ತಿದ್ದೆ.

ಸೆಪ್ಟೆಂಬರ್ 20

ಮೊಬೈಲ್ ಡಿಕ್ಷನರಿ ನೋಡಿದೆ. ನೈಸ್ – ಹಿತವಾಗಿ ನಡೆದುಕೊಳ್ಳುವವ. ಕೈಂಡ್ – ಇನ್ನೊಬ್ಬರ ಕಷ್ಟಕ್ಕೆ ಮಿಡಿಯುವವ. ಇದನ್ನು ಓದಿ ಏನು ಮಾಡಲಿ?

ನೈಸ್ ಅಂದರೆ ನನಗೆ ಗೊತ್ತು. ಐದನೇ ಕ್ಲಾಸಿನಿಂದ ಹಾಸ್ಟೆಲ್. ಅಪ್ಪ ಅವ್ವ ಗೋವಾದಲ್ಲಿ ಬಿಲ್ಡಿಂಗ್ ಕೆಲಸ, ಅಜ್ಜಿ ಬಾದಾಮಿಯಲ್ಲಿ. ಪ್ರತಿ ವರ್ಷ ರಿಪೋರ್ಟ್ ಕಾರ್ಡಿನಲ್ಲಿ ಒಂದೇ ರಿಮಾರ್ಕು – ನೈಸ್ ಬಾಯ್. ಬಡಿಸಿದ್ದು ತಿನ್ನುವವ. ಎಬ್ಬಿಸಿದಾಗ ಏಳುವವ. ಯಾರ ಮುಖವೂ ಕೆಡದಂತೆ ಮಾತಾಡುವವ... ಕೈಂಡ್ ಅಂತ ಯಾರೂ ಬರೆಯಲಿಲ್ಲ. ಬರೆಯುವಂಥದ್ದು ಏನೂ ಮಾಡಿರಲಿಲ್ಲವೇನೋ.

ಕನ್ನಡದಲ್ಲಿ ಕೈಂಡ್‌ಗೆ ಏನು? ದಯೆ ಅಂದರೆ ದೇವರಿಗೆ ಹೇಳಿದ ಹಾಗೆ. ಅಜ್ಜಿ ಬಳಸುವ ಮಾತೊಂದಿದೆ, ಅಂತಃಕರಣ. ಫೋನ್ ಹಚ್ಚಿದೆ.

"ಅಜ್ಜಿ, ನಾ ಎಂಥಾಂವ?"

"ಚಲೋ ಹುಡುಗ ಅದಿ. ಯಾಕ, ಯಾರರ ಏನರ ಅಂದ್ರೇನು? ಉಂಡ್ಯೇನು?"

"ನನಗ ಅಂತಃಕರಣ ಐತೇನು?"

ಕೆಮ್ಮಿದಳು. ಕೆಮ್ಮು ಮುಗಿಯಲು ಹೊತ್ತಾಯಿತು. "ಅದೇನ ಅಂಗಿ ಏನಪಾ, ಹಾಕ್ಕೊಂಡಿಯಿಲ್ಲೋ ನೋಡಾಕ" ಅಂದಳು. ಕಾಲು ಬಾತಿದೆಯಂತೆ. ಏನಿಲ್ಲ ಅಂದಳು. ಬದಿಯಿಂದ, ಅಜ್ಜಿಯ ಜೊತೆಗಿರುವ ಜಯಶ್ರೀ ಅತ್ತೆಯೂ ಏನಿಲ್ಲ ಅಂದಳು.

ಸೆಪ್ಟೆಂಬರ್ 24, ಬೆಳಿಗ್ಗೆ, ಬಾತ್‌ರೂಮಿನೊಳಗೆ

ಚಿಲಕ ಹಾಕಿಕೊಂಡು ಬರೆಯುತ್ತಿದ್ದೇನೆ.

ಹುಚ್ಚೇಶನ ಕಾಕಾ ರಾಜಕುಮಾರ ಅವರ ಫೋನು. ಅವನಿಗಲ್ಲ, ನನಗೆ.

"ಪ್ರೇಮಕುಮಾರ ಏನಪಾ? ನಮ್ಮ ಹುಡುಗ ಬಾಜೂ ಅದಾನೇನು? ಹಂಗಾದ್ರ ಸ್ವಲ್ಪ ಹೊರಗ ಬಾ."

ಬಂದೆ.

"ನಮ್ಮ ವೈನಿ, ಹುಚ್ಚೇಶನ ಅವ್ವ, ಹೋದಳಪಾ. ಮಗ್ಗದ ಕುಣಿಯಾಗ ಕಾಲ ಇಳಿಬಿಟ್ಟು ಕುಂತಾಕಿ ಹಂಗ ವಾಲಿದಳು. ದವಾಖಾನಿಗೆ ಒಯ್ಯೂದ್ರಾಗ ಮುಗೀತು."

ರೂಮಿನ ಬಾಗಿಲು ಎಳೆದುಕೊಂಡೆ.

"ಅವಗ ಹೇಳಬ್ಯಾಡ. ಸೀರಿಯಸ್ ಐತಿ ಅಂತಷ್ಟ ಹೇಳು. ದಾರ್ಯಾಗ ಹುಡುಗ ಏನರ ಮಾಡಿಕೊಂಡಾನು. ನೀನ ಕರ್ಕೊಂಡ್ ಬಾ. ನೀ ಚಲೋ ಹುಡುಗ ಅದಿ."

ಹೂಂ ರಿ ಅಂದೆ.

ಹಾಸ್ಟೆಲ್‌ನಲ್ಲಿ ಬೆಳೆದವರಿಗೆ ಗೊತ್ತು – ಓದುವ ಹೊತ್ತಿನಲ್ಲಿ ವಾರ್ಡನ್ ಬಂದು ಹೆಗಲ ಮೇಲೆ ಕೈ ಹಾಕಿದರೆ ಮನೆಯಲ್ಲಿ ಯಾರೋ ಸತ್ತಿದ್ದಾರೆ. ಬಾಯಲ್ಲಿ ಮಾತ್ರ ಸೀರಿಯಸ್. ಸೀರಿಯಸ್ ಅಂದರೆ ನಮ್ಮ ಕಡೆ ಏನು ಅಂತ ಎಲ್ಲರಿಗೂ ಗೊತ್ತು. ಆದರೆ ತನ್ನ ಮನೆಯ ವಿಷಯ ಬಂದಾಗ ಎಲ್ಲರೂ ಅದನ್ನು ನಂಬುತ್ತಾರೆ.

ಹುಚ್ಚೇಶ ಬಾಗಿಲು ಬಡಿಯುತ್ತಿದ್ದಾನೆ. "ಎಷ್ಟೊತ್ತಲೇ? ಒಳಗ ಹಾಸಿಗಿ ಹಾಸೀಯೇನು?"

ಸೆಪ್ಟೆಂಬರ್ 26, ರೂಮು

ನಿನ್ನೆ ರಾತ್ರಿ ಒಬ್ಬನೇ ವಾಪಸ್ ಬಂದೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

"ಅವ್ವಗ ಸೀರಿಯಸ್ ಐತಂತ" ಅಂದೆ.

"ಸೀರಿಯಸ್ ಅಂದ್ರ?"

"ಐಸಿಯುದಾಗ ಅದಾರಂತ."

ಕಾಕಾ ಐಸಿಯು ಅಂದಿರಲಿಲ್ಲ. ಅದು ನಾನು ಸೇರಿಸಿದ್ದು. ಅಷ್ಟು ಸಲೀಸಾಗಿ ಬಂತು ಬಾಯಿಗೆ. ಅವನ ಮುಖ ಸ್ವಲ್ಪ ತಿಳಿಯಾಯಿತು. "ಐಸಿಯು ಅಂದ್ರ ಡಾಕ್ಟರ್ ಬಾಜೂಕ ಇರ್ತಾರ" ಅಂದ. ಹೌದು ಅಂದೆ.

ಬಸ್ಸಿನಲ್ಲಿ ಕಿಟಕಿ ಸೀಟು ಕೊಟ್ಟೆ. ನೀರು ಕೊಟ್ಟೆ. ಟಿಕೆಟ್ ನಾನೇ ತೆಗೆಸಿದೆ. ಅವ್ವನ ಫೋನಿಗೆ ಹಚ್ಚುತ್ತಲೇ ಇದ್ದ. ಯಾರೋ ಕಟ್ ಮಾಡುತ್ತಿದ್ದರು. "ದವಾಖಾನಿಯಾಗ ಫೋನ್ ಎತ್ತಗೊಡೂದಿಲ್ಲ" ಅಂತ ಅದಕ್ಕೂ ನಾನೇ ಕಾರಣ ಹೇಳಿದೆ.

"ಇಷ್ಟ್ಯಾಕ ನೈಸ್ ಆಗೀಯಲೇ ಇವತ್ತ?" ಅಂದ. ನಗಿಸಲು ಅಂದದ್ದು. ನಕ್ಕೆ.

ಕಮತಗಿ ದಾಟಿದ ಮೇಲೆ ಅವ್ವನ ಸೀರೆಯ ಮಾತು ತೆಗೆದ. ಇಳಕಲ್ ಸೀರೆಗೆ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ಅವಳಿಗೆ ಈಚೆಗೆ ಕಣ್ಣು ಸಾಲುತ್ತಿರಲಿಲ್ಲ. ಆ ಕೆಲಸ ಬಂದಾಗಲೆಲ್ಲ ಇವನು ಊರಿಗೆ ಓಡುತ್ತಿದ್ದ. "ರವಿವಾರ ಬಾ, ಸೆರಗು ಕೂಡಸೂದೈತಿ ಅಂದಿದ್ಳು. ನಾ ಟೆಸ್ಟ್ ಐತಿ ಅಂದೆ. ಒಬ್ಬಾಕಿನ ಕುಂತು ಕೂಡಸಾಕ ಹೋಗ್ಯಾಳ ನೋಡು, ಬಿಪಿ ಏರಿರತೈತಿ."

ಟೆಸ್ಟ್ ಇದ್ದದ್ದು ನಿಜ. ಹೂಂ ಅಂದೆ.

ಅಮೀನಗಡದಲ್ಲಿ ಬಸ್ಸು ನಿಂತಿತು. ಅವನು ಎದ್ದ.

"ಎಲ್ಲಿಗೆ?"

"ಕರದಂಟು ತೊಗೊಂಡ್ ಬರ್ತೇನಿ. ಅಂಟು ಹಾಕಿರ್ತಾರ, ಶಕ್ತಿ ಬರ್ತೈತಿ. ಬರೇ ಗ್ಲುಕೋಸ್ ಮ್ಯಾಲ ಎಷ್ಟ್ ದಿನ ಇರ್ತಾಳ?"

ಹಿಂದೆಯೇ ಇಳಿದೆ. ಹೇಳಬೇಕು ಅಂತಲೇ ಇಳಿದೆ. ಇದು ಸತ್ಯ, ಬರೆದಿಡುತ್ತೇನೆ. ಅಂಗಡಿಯವ ಅರ್ಧ ಕಿಲೋನೋ ಒಂದೋ ಅಂತ ಕೇಳಿದ. "ಅರ್ಧ" ಅಂದ ಹುಚ್ಚೇಶ. ಆಮೇಲೆ, "ಬ್ಯಾಡ ತಡೀರಿ, ಒಂದ ಹಾಕ್ರಿ. ನೋಡಾಕ ಬಂದೋರಿಗೂ ಆಕ್ಕೈತಿ." ಅಂಗಡಿಯವ ಡಬ್ಬಿಗೆ ದಾರ ಸುತ್ತಿದ. ಗಂಟು ಹಾಕಿದ. ಅಷ್ಟು ಹೊತ್ತು ನನಗೆ ಸಿಕ್ಕಿತ್ತು. ಕಂಡಕ್ಟರ್ ಸೀಟಿ ಊದಿದ.

"ಲಗೂ ಬಾ" ಅಂದೆ. ನನ್ನ ಬಾಯಿಂದ ಬಂದದ್ದು ಅಷ್ಟೇ.

ಹುನಗುಂದ ದಾಟುವಾಗ ಡಬ್ಬಿ ಅವನ ತೊಡೆಯ ಮೇಲಿತ್ತು. ಎರಡೂ ಕೈಯಲ್ಲಿ ಹಿಡಿದಿದ್ದ.

ಇಳಕಲ್ಲಿನಲ್ಲಿ ದವಾಖಾನೆ ಕಡೆ ತಿರುಗಿದ. "ಮನಿಗೆ ಬಾ ಅಂದಾರ" ಅಂದೆ. ಆಗಲೇ ಗೊತ್ತಾಗಿರಬೇಕು. ಆದರೂ ಓಣಿಯವರೆಗೆ ಏನೂ ಕೇಳದೆ ನಡೆದ. ಓಣಿಯಲ್ಲಿ ಒಂದು ಮಗ್ಗದ ಸಪ್ಪಳವೂ ಇರಲಿಲ್ಲ. ಕಟ್ಟೆ ಮೇಲೆ ಗಂಡಸರು ಕೂತಿದ್ದರು. ಒಳಗೆ ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ನಿಂತ. ಮನೆಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ.

"ನಿನಗ ಗೊತ್ತಿತ್ತೇನು?"

...

ಡಬ್ಬಿ ನನ್ನ ಕೈಗೆ ಕೊಟ್ಟು ಓಡಿದ.

ಮಣ್ಣು ಮುಗಿದ ಮೇಲೆ ಕಾಕಾ ನನ್ನ ಬೆನ್ನು ಸವರಿದರು. "ಚಲೋ ಮಾಡಿದಿ. ಭಾಳ ಚಲೋ ಹುಡುಗ ನೀ." ಡಬ್ಬಿ ಯಾರಿಗೆ ಕೊಡಬೇಕೋ ತಿಳಿಯಲಿಲ್ಲ. ಬ್ಯಾಗಿನಲ್ಲೇ ಬಂದಿದೆ. ಈಗ ಟ್ರಂಕಿನ ಮೇಲಿದೆ.

ಅಕ್ಟೋಬರ್ 13

ಹುಚ್ಚೇಶ ಬಂದ. ತಲೆ ಬೋಳಿಸಿದ್ದಾರೆ. ಕಿವಿ ದೊಡ್ಡವಾಗಿ ಕಾಣುತ್ತವೆ.

"ಇಷ್ಟ್ ದಿನ...?" ಅಂದೆ.

"ಸೀರಿ ಮುಗಿಸಿ ಬಂದೆ." ಗೋಡೆಗೆ ಹೇಳಿದ ಹಾಗೆ ಹೇಳಿದ. ಸೆರಗು ಅವನೇ ಕೂಡಿಸಿ, ಉಳಿದದ್ದನ್ನೂ ನೇಯ್ದು, ಮಗ್ಗದಿಂದ ಇಳಿಸಿ ಬಂದಿದ್ದಾನೆ.

ಕ್ಯೂನಲ್ಲಿ ತನ್ನ ಬಕೆಟ್ ಒಂದನ್ನೇ ಇಟ್ಟ.

ಅಕ್ಟೋಬರ್ 15

ಡಬ್ಬಿಗೆ ಇರುವೆ ಹತ್ತಿದ್ದವು. ನಾನು ಹೊರಗೆ ಹೋಗಿದ್ದಾಗ ಅವನು ಅದನ್ನು ನೋಡಿದ್ದಾನೆ. ಬಂದಾಗ ದಾರ ಬಿಚ್ಚಿ ಕೂತಿದ್ದ. ಇರುವೆ ಊದಿ, ಒಂದು ತುಂಡು ಮುರಿದು ಮುಂದೆ ಹಿಡಿದ.

"ತಿನ್ನು."

"ಬ್ಯಾಡಲೇ ಹುಚ್ಚೇಶ."

"ತಿನ್ನು. ನೀನ ತೊಗೊಳ್ಳಾಕ ಬಿಟ್ಟಿ. ಅಂಗಡ್ಯಾಗ ನನ್ನ ಬಾಜೂಕ ನಿಂತಿದ್ದಿ. ನಾ ಒಂದ್ ಕಿಲೋ ಅಂದೆ. ನೀ ಸುಮ್ಮನಿದ್ದಿ."

ತಿಂದೆ. ಅಂಟು ಹಲ್ಲಿಗೆ ಹಿಡಿಯಿತು. ಅವನೂ ಒಂದು ಬಾಯಿಗೆ ಹಾಕಿಕೊಂಡ. ಇಬ್ಬರೂ ಅಗಿದೆವು. ಬೈದಿದ್ದರೆ ಚೆನ್ನಾಗಿತ್ತು.

"ನಾ ನಿನ್ನ ಒಳ್ಳೇದಕ್ಕ..." ಅಂದೆ.

"ನನ್ನ ಒಳ್ಳೇದಕ್ಕಲ್ಲ. ನಾ ಅಳೂದು ನಿನಗ ನೋಡಾಕ ಆಗಾಂಗಿರಲಿಲ್ಲ. ಅಷ್ಟ."

ಅಕ್ಟೋಬರ್ 22

ಚೀಟಿ ಪದಗಳ ಸೆಮಿನಾರ್ ಆಯಿತು. ಮೊದಲು ಹುಚ್ಚೇಶ. ಬೋಳು ತಲೆ ನೋಡಿ ಯಾರೂ ನಗಲಿಲ್ಲ. ಮುರುಕು ಇಂಗ್ಲಿಷ್‌ನಲ್ಲಿ ಹೇಳಿದ: ಶೈ ಮನುಷ್ಯನಿಗೆ ಹೇಳುವ ಆಸೆ ಇರುತ್ತದೆ, ಹೆದರುತ್ತಾನೆ. ರಿಸರ್ವ್ಡ್ ಮನುಷ್ಯ ಹೇಳುವುದೇ ಬೇಡ ಅಂತ ಸುಮ್ಮನಿರುತ್ತಾನೆ. ಆದರೆ ಕೇಳಬೇಕಾದವನಿಗೆ ಎರಡೂ ಒಂದೇ. ಅವನಿಗೆ ಯಾರೂ ಹೇಳಲಿಲ್ಲ.

ಬಂದು ಕೂತ. ಮೇಡಂ ಪೆನ್ ಹಿಡಿದುಕೊಂಡೇ ಇದ್ದರು.

ನಂತರ ನಾನು. ಬರೆದುಕೊಂಡದ್ದು ನಾಲ್ಕು ಪುಟ. ಗ್ರಾಮರ್ ಎಲ್ಲ ಸರಿ ಇತ್ತು. ನೈಸ್ ಮನುಷ್ಯ ಎದುರಿನವರ ಮುಖ ಬಾಡದಂತೆ ನೋಡಿಕೊಳ್ಳುತ್ತಾನೆ – ಅಲ್ಲಿಯವರೆಗೆ ಹೇಳಿದೆ. ಕೈಂಡ್ ಮನುಷ್ಯ... ಹಿಂದಿನ ಬೆಂಚಿನಲ್ಲಿ ಅವನು ನನ್ನನ್ನೇ ನೋಡುತ್ತಿದ್ದ. ಮುಂದೆ ಬರಲಿಲ್ಲ. ನಾಲ್ಕೂ ಪುಟ ಮಡಿಚಿದೆ. ಮೇಡಂ "ಪರವಾಗಿಲ್ಲ, ನೈಸ್ ಅಟೆಂಪ್ಟ್" ಅಂದರು. ಕ್ಲಾಸು ನಕ್ಕಿತು. ಅವನು ನಗಲಿಲ್ಲ.

ನವೆಂಬರ್ 11

ಅಜ್ಜಿಯನ್ನು ಅಡ್ಮಿಟ್ ಮಾಡಿದ್ದಾರೆ. ಕಿಡ್ನಿ ಅಂತೆ. ಜಯಶ್ರೀ ಅತ್ತೆ "ಏನಿಲ್ಲಪಾ, ನೀ ಪರೀಕ್ಷಾ ಓದು, ಬರಬ್ಯಾಡ" ಅಂದಳು. ಅತ್ತೆ ನೈಸ್. ನಮ್ಮ ಮನೆಯಲ್ಲಿ ಎಲ್ಲರೂ ನೈಸ್. ಅದಕ್ಕೇ ಹೆದರಿಕೆ. ಫೋನಿನಲ್ಲಿ ಅಜ್ಜಿಯ ದನಿ ಕೇಳಿಸಿದರು. ಉಂಡ್ಯೇನು ಅಂದಳು. ಉಂಡೆ ಅಂದೆ. ಉಂಡಿರಲಿಲ್ಲ.

ಹುಚ್ಚೇಶ ಕೇಳಿಸಿಕೊಂಡಿದ್ದಾನೆ. ಊಟದ ಹೊತ್ತಿಗೆ ನನ್ನ ತಟ್ಟೆಯನ್ನೂ ತೊಳೆದು ತಂದ. ಎಷ್ಟೋ ದಿನದ ಮೇಲೆ.

"ನಮ್ಮ ಅಜ್ಜಿಗೆ ಏನರ ಆದ್ರ ನಿನಗ ಫೋನ್ ಮಾಡ್ತಾರ" ಅಂದೆ. "ನನಗ ಖರೆ ಹೇಳು."

"ನೀ ಹೇಳಿದ್ಯೇನು?"

ಅವನು ರೊಟ್ಟಿ ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದ. ಹೂಂ ಅಂದನೋ ಇಲ್ಲವೋ ತಿಳಿಯಲಿಲ್ಲ.

ನವೆಂಬರ್ 19, ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ.

ಲೈಬ್ರರಿಯಲ್ಲಿದ್ದೆ. ಹುಚ್ಚೇಶ ಬಂದ. ಹೆಗಲ ಮೇಲೆ ಕೈ ಹಾಕಲಿಲ್ಲ. ಎದುರಿಗೆ ಕುರ್ಚಿ ಎಳೆದು ಕೂತ.

"ನಿಮ್ಮ ಅತ್ತಿ ಫೋನ್ ಮಾಡಿದ್ರು. ಸೀರಿಯಸ್ ಅಂತ ಹೇಳು ಅಂದ್ರು."

ಹಾಗಾದರೆ ಇನ್ನೂ... ಅಂತ ಮನಸ್ಸು ಓಡಿತು. ಇಷ್ಟು ಗೊತ್ತಿದ್ದವನ ಮನಸ್ಸೂ ಓಡಿತು.

"ಸೀರಿಯಸ್ ಇಲ್ಲ ಪ್ರೇಮ್ಯಾ. ಮುಂಜಾನೆ ಹೋಗ್ಯಾಳ."

ಅವನ ಅಂಗಿ ಹಿಡಿದು ಜಗ್ಗಿದೆ. "ಯಾಕ ಹೇಳಿದಿ? ಬಾದಾಮಿ ಮಟಾ ತಡೀಬೇಕಿಲ್ಲೇನು?" ಹಾಗೆ ಅಂದವನು ನಾನೇ. ಖರೆ ಹೇಳು ಅಂತ ಬೇಡಿಕೊಂಡವನೂ ನಾನೇ. ಗುಂಡಿ ಕಿತ್ತು ಬಂತು. ಬಿಡಿಸಿಕೊಳ್ಳಲಿಲ್ಲ ಅವನು.

ಅವನಿಗೆ ಇಳಕಲ್ಲಿನವರೆಗೆ ಅವ್ವ ಇದ್ದಳು. ಗ್ಲುಕೋಸ್ ಮೇಲಾದರೂ ಇದ್ದಳು. ಅದು ನಾನು ಕೊಟ್ಟದ್ದು. ಅವನು ನನಗೆ ಒಂದು ಸ್ಟಾಪೂ ಕೊಡಲಿಲ್ಲ. ಸೇಡೋ, ಮತ್ತೇನೋ... ಮುಖ ನೋಡಿದರೆ ಗೊತ್ತಾಗುವುದಿಲ್ಲ. ಕೇಳಲು ಧೈರ್ಯವಿಲ್ಲ. ಆದರೆ ಜೊತೆಗೆ ಬಸ್ಸು ಹತ್ತಿದ್ದಾನೆ. ನೀರು ಕೊಟ್ಟಿಲ್ಲ, ಸಮಾಧಾನ ಹೇಳಿಲ್ಲ. ನಾನು ಅಳುವಾಗ ಬೇರೆ ಕಡೆ ತಿರುಗುತ್ತಿಲ್ಲ. ಗುಂಡಿಯಿಲ್ಲದ ಅಂಗಿಯಲ್ಲೇ ಕೂತು ನೋಡುತ್ತಿದ್ದಾನೆ. ಜನ ನೋಡಿದರೆ ಜನರನ್ನೂ ನೋಡುತ್ತಾನೆ.

ಗುಳೇದಗುಡ್ಡ. ಬಸ್ಸು ನಿಂತಿದೆ. ಕೆಳಗೆ ಬಾಳೆಹಣ್ಣು, ಚುರುಮುರಿ ಕೂಗುತ್ತಿದ್ದಾರೆ. ಇಳಿಯಲೇ ಅಂತ ಅವನು ಕೇಳಲಿಲ್ಲ.

"ನಿಮ್ಮ ಅಜ್ಜಿಗೆ ಏನ್ ಸೇರ್ತಿತ್ತು?" ಅಂದ.

ಯಾರೂ ಇದನ್ನು ಕೇಳಿರಲಿಲ್ಲ. ಹೇಳುತ್ತೇನೆ. ಅಜ್ಜಿಗೆ –