ಹತ್ತು ಪುಲ್-ಅಪ್

ಮಾರ್ಚ್ 14, ಗುರುವಾರ

ಇವತ್ತೂ ಬಾರ್ಬೆಲ್ ನೆಲ ಬಿಡಲಿಲ್ಲ. ಜನವರಿಯಲ್ಲಿ ಮೂರು ಸಲ ಎತ್ತಿದ್ದ ಅದೇ ನೂರು ಕೆಜಿ.

ಭಾರ ಎತ್ತುವ ಸ್ಪರ್ಧೆಯಲ್ಲಿ ಕೆಳಗಿನ ತೂಕದ ವರ್ಗಕ್ಕೆ ಇಳಿಯಬೇಕೆಂದು ಎರಡು ತಿಂಗಳಿಂದ ಅರೆಹೊಟ್ಟೆಯಲ್ಲಿದ್ದೇನೆ. ಒಂಬತ್ತು ಕೆಜಿ ಇಳಿದೆ. ಕಂಬಿಗೆ ಜೋತುಬಿದ್ದು ಐದೇ ಪುಲ್-ಅಪ್ ಮಾಡುತ್ತಿದ್ದವಳು ಹತ್ತು ಮಾಡಿದೆ. ಶಕ್ತಿ ಬಂತೆಂದು ಬೀಗಿದೆ, ಮನೆಯಲ್ಲೆಲ್ಲ ಸಾರಿದೆ. ಇವತ್ತು ಕೋಚ್, ನಾನು ಪುಲ್-ಅಪ್ ಎಣಿಸಿ ಬರೆದಿಡುವ ಪುಸ್ತಕ ನೋಡಿ ಮುಚ್ಚಿಟ್ಟರು.

"ಶಕ್ತಿ ಎಲ್ಲಿ ಬಂತಮ್ಮ? ನೀನು ಮೇಲಕ್ಕೆಳೆಯೋ ಮೈಭಾರ ಕಮ್ಮಿ ಆಯ್ತು, ಅಷ್ಟೆ. ಬೆನ್ನು, ತೊಡೆ ಎಲ್ಲ ಕರಗಿಹೋಗಿದೆ."

ಎಂಥ ದಡ್ಡಿ ನಾನು!

ಮನೆಗೆ ಬಂದು ಅಪ್ಪನನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಕೂರಿಸಲು ಹೋದೆ. ಅವರಿಗೆ ಲಕ್ವ ಹೊಡೆದಾಗಿನಿಂದ ಅದು ನನ್ನ ಕೆಲಸ. ಭಾರ ಎತ್ತಲು ಕಲಿತದ್ದೇ ಅದಕ್ಕೆ. ಸ್ಪರ್ಧೆಯ ಹುಚ್ಚು ಹತ್ತಿದ್ದು ಆಮೇಲೆ. ಅರ್ಧಕ್ಕೆ ಎತ್ತುವಷ್ಟರಲ್ಲಿ ಕೈ ಸೋತಿತು. ಇಬ್ಬರೂ ಮಂಚದ ಮೇಲೆಯೇ ಕುಸಿದೆವು.

"ಬಿಡಮ್ಮ, ನಿನ್ನ ತಪ್ಪಲ್ಲ. ಕೂತಲ್ಲೇ ತಿಂದೂ ತಿಂದೂ ನಾನೇ ದಪ್ಪ ಆಗ್ಬಿಟ್ಟಿದ್ದೀನಿ," ಅಂದರು ಅಪ್ಪ.

ನಾನು ಹಿಡಿದಿದ್ದ ಅವರ ತೋಳು ನನ್ನ ಒಂದೇ ಹಿಡಿಯೊಳಗೆ ಪೂರ್ತಿ ಸೇರಿಹೋಗಿತ್ತು.

ಹೂಂ ಅಪ್ಪ, ಅಂದೆ.