ಬೊಂಡದ ನೀರು ಬಿದ್ದ ಜಾಗ

ನಾವುಂದ
೨ ಮಾರ್ಚ್ ೨೦೦೮, ಭಾನುವಾರ

ಪ್ರೀತಿಯ ಪ್ರಭಾ,

ನಾವೆಲ್ಲ ಕ್ಷೇಮ. ನೀನೂ ನಿನ್ನ ಅಣ್ಣನ ಮನೆಯವರೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ನೀನು ಮುಂಬೈಗೆ ಹೋಗಿ ಮೂರು ತಿಂಗಳಾದ ಮೇಲೆ ಈ ಕಾಗದ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸು. ಫೋನು ಮಾಡಿದಾಗೆಲ್ಲ ನಿನ್ನ ಅತ್ತಿಗೆಯೇ ಎತ್ತಿ "ಪ್ರಭಾ ನೀರು ಹಿಡಿಯಲಿಕ್ಕೆ ಹೋಗಿದ್ದಾಳೆ" ಅನ್ನುತ್ತಾರೆ. ಮುಂಬೈಯಲ್ಲಿ ದಿನಕ್ಕೆ ಎಷ್ಟು ಸಲ ನಲ್ಲಿ ಬಿಡುತ್ತಾರೆ ಮಾರಾಯ್ತಿ? ನನ್ನ ಮೇಲಿನ ಸಿಟ್ಟಿಗೆ ಈ ಕಾಗದ ಹರಿದು ಹಾಕುವುದಾದರೆ ಹಾಕು, ಆದರೆ ಪೂರ್ತಿ ಓದಿ ಹರಿ.

ಮೊದಲು ದೊಡ್ಡ ಸುದ್ದಿ. ಕಾರಿನ ಹಳದಿ ದೀಪ ಆರಿತು. ಅದು ಹೊತ್ತಿಕೊಂಡದ್ದು ನಿನ್ನ ಬುಟ್ಟಿಯಿಂದಲ್ಲ. ತಪ್ಪು ನನ್ನದು, ಪೂರ್ತಿ ನನ್ನದು. ಅದನ್ನು ಒಪ್ಪಿಕೊಳ್ಳಲಿಕ್ಕೂ, ನೀನು ವಾಪಸು ಬಾ ಎಂದು ಕೇಳಲಿಕ್ಕೂ ಈ ಕಾಗದ.

ದೀಪಾವಳಿ ಕಳೆದ ವಾರ ನಿನಗೆ ನೆನಪಿರಬಹುದು. ಗಂಗೊಳ್ಳಿ ಬಂದರಿನಲ್ಲಿ ನಾವಿಬ್ಬರೂ ನನ್ನ ಕಾರಿಗೆ ಮೀನು ತುಂಬಿಸಿ ಹೊರಟಾಗ ಸ್ಟೇರಿಂಗಿನ ಎದುರು ಇಂಜಿನ್ ಚಿತ್ರದ ದೀಪ ಹೊತ್ತಿಕೊಂಡಿತು. "ಎಂತದೆ ಅದ್, ಹೊಸ ಲೈಟ್?" ಎಂದು ಮೊದಲು ನೋಡಿದವಳೇ ನೀನು. ಆಮೇಲೆ ಬೆಳಿಗ್ಗೆ ಸ್ಟಾರ್ಟ್ ಆಗಲಿಕ್ಕೆ ಸತಾಯಿಸುವುದು, ಹಿಂದಿನಿಂದ ಕರಿ ಹೊಗೆ, ಎಷ್ಟು ಪೆಟ್ರೋಲ್ ಹಾಕಿದರೂ ಸಾಲದು. ಕುಂದಾಪುರದ ಒಬ್ಬ ಮೆಕ್ಯಾನಿಕ್ಕನ ಹತ್ತಿರ ಒಯ್ದೆ. ಅವನು ಬಾಗಿಲು ತೆರೆದು, ಮೂಗು ಮುಚ್ಚಿ, ಬಾನೆಟ್ ಎತ್ತದೆಯೇ ಹೇಳಿಬಿಟ್ಟ: "ಇದ್ರ ಕಂಪ್ಯೂಟರಿಗೆ ಮೀನ್ ನೀರ್ ಹೋಯ್ತ್. ಹೊಸತ್ ಹಾಕ್ಕ್, ಇಲ್ದಿರೆ ಗುಜರಿಗೆ ಕೊಡಿ." ನನ್ನ ತಲೆಗೆ ಅದೇ ಹೊಕ್ಕಿತು. ನನ್ನ ಬುಟ್ಟಿಗಳು ಪ್ಲಾಸ್ಟಿಕ್ಕಿನವು, ನಿನ್ನವು ಬೆತ್ತದವು, ಸೋರುವುದು ನಿನ್ನದೇ ಎಂದು ಲೆಕ್ಕ ಹಾಕಿದೆ. ಮನೆಗೆ ಬಂದವಳೇ ಅಂಗಳದಲ್ಲಿ ನಿಂತು, ನಾಲ್ಕು ಮನೆಗೆ ಕೇಳುವ ಹಾಗೆ, ನಿನ್ನ ಬುಟ್ಟಿ ಇಳಿಸು ಎಂದೆ. ನೀನು ಎರಡು ಬುಟ್ಟಿ ಎತ್ತಿಕೊಂಡು ಹೋದೆ. ಮಾರನೆ ದಿನದಿಂದ ಹೈವೇ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ನಿನ್ನನ್ನು ದಾಟಿಕೊಂಡೇ ನಾನು ಕಾರು ಓಡಿಸಿದೆ. ವಾಸನೆ ಎಂದು ಯಾವ ಕಂಡಕ್ಟರೂ ಬುಟ್ಟಿ ಹತ್ತಿಸಿಕೊಳ್ಳುತ್ತಿರಲಿಲ್ಲ. ಅದನ್ನೂ ನೋಡಿದ್ದೇನೆ.

ನೀನು ಊರು ಬಿಟ್ಟ ಮೇಲೂ ದೀಪ ಆರಲಿಲ್ಲ. ಬುಟ್ಟಿ ಇಳಿಸಿದರೂ ಯಾಕೆ ಆರಲಿಲ್ಲ ಎಂದು ಒಂದು ಸಲವಾದರೂ ಯೋಚಿಸಬೇಕಿತ್ತು. ನಾನು ಮಾಡಿದ್ದು ಬೇರೆ. ಕರೆಂಟಿನ ಕೆಲಸಕ್ಕೆ ಬರುವ ಕಪ್ಪು ಟೇಪು ಕತ್ತರಿಸಿ ದೀಪದ ಮೇಲೆ ಅಂಟಿಸಿದೆ. ನನ್ನ ಗಂಡ ದೇವು ಬೋಟಿನಿಂದ ಬಂದು ನೋಡಿ ನಕ್ಕೇ ನಕ್ಕರು. ನಮ್ಮ ಅತ್ತೆ ಬೆಳ್ಳಮ್ಮ ನಗಲಿಲ್ಲ. "ಆ ಹೆಣ್ಣ್ ನಮ್ಮ್ ಅಂಗಳಕ್ ಬಾರ್ದೆ ಎಷ್ಟ್ ದಿನ ಆಯ್ತ್? ನಿನ್ನ್ ಕಾರ್ ಸರಿ ಆಯ್ಲಿ ಬಿಡ್ಲಿ, ಮೊದ್ಲ್ ಅವ್ಳನ್ ಕರಿ" ಎಂದರು. ಹಟಮಾರಿಗೆ ಯಾರ ಮಾತು ಹಿಡಿಸುತ್ತದೆ ಹೇಳು.

ಕಳೆದ ಬುಧವಾರ ಸಾಲಿಗ್ರಾಮದಲ್ಲಿ ಕಾರು ಕೈಕೊಟ್ಟಿತು. ಬ್ರಹ್ಮಾವರದ ಹೋಟೆಲಿಗೆ ಕೊಡಬೇಕಾದ ಬಂಗುಡೆ ಹಿಂದೆ ಹಾಗೇ ಇತ್ತು, ಐಸು ಕರಗುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿದ್ದವರು ತಳ್ಳಿಕೊಂಡು ಹೋಗಿ ಪಕ್ಕದ ಗ್ಯಾರೇಜಿನ ಎದುರು ಬಿಟ್ಟರು. ತಗಡಿನ ಶೆಡ್ಡು, ಗುಣಪಾಲ ಅಂತ ಮೆಕ್ಯಾನಿಕ್, ನಮ್ಮದೇ ವಯಸ್ಸಿನವನು, ಮಾತು ಕಡಿಮೆ. ಅವನು ಮೊದಲು ನೋಡಿದ್ದು ಇಂಜಿನ್ ಅಲ್ಲ, ನನ್ನ ಟೇಪು.

"ಇದನ್ ಅಂಟ್ಸದ್ದ್ ಯಾರ್ ಅಕ್ಕ?"

"ನಾನೇ."

"ಪಾಪ, ಅದ್ ಕೂಗ್ತಾ ಇದ್ದಿತ್. ನೀವ್ ಬಾಯ್ ಕಟ್ಟಿರಿ."

ನಾನು ಕುಂದಾಪುರದವನ ಮಾತನ್ನೆಲ್ಲ ಒಪ್ಪಿಸಿದೆ. ಮೀನು ನೀರು, ಕಂಪ್ಯೂಟರು, ಗುಜರಿ. ಅವನು ಹೂಂ ಅಂದು ಕೇಳಿದ, ಆಮೇಲೆ ಹಿಂದಿನ ಬಾಗಿಲು ತೆರೆದು ನೀನು ಹಾಸಿದ್ದ ನೀಲಿ ಟಾರ್ಪಾಲು ಎತ್ತಿದ. ಅದರ ಅಂಚನ್ನು ನೀನು ಒಂದು ಗೇಣು ಮೇಲಕ್ಕೆ ಮಡಚಿ ಹೊಲಿದಿದ್ದೆಯಲ್ಲ, ಅದನ್ನು ಬೆರಳಿನಲ್ಲಿ ಮುಟ್ಟಿ ನೋಡಿದ. ಕೆಳಗೆ ತಗಡು ಒಣಗಿಕೊಂಡಿತ್ತು. ತುಕ್ಕಿನ ಒಂದು ಚುಕ್ಕೆ ಇಲ್ಲ.

"ಮೀನ್ ಗಾಡಿ ಇಷ್ಟ್ ಚಂದ ಇಪ್ಪುದ್ ನಾ ಕಂಡದ್ದೇ ಇಲ್ಲೆ. ಇದನ್ ಹೊಲ್ದದ್ದ್ ಯಾರ್?"

ನಿನ್ನ ಹೆಸರು ನಾನು ಹೇಳಲಿಲ್ಲ ಪ್ರಭಾ. ಒಬ್ಬಳು ಫ್ರೆಂಡು ಎಂದೆ.

"ಮತ್ತೆ ಮೀನ್ ನೀರ್ ಹಿಂದೆ, ರೋಗ ಮುಂದೆ. ನೀರ್ ಹಿಂದಿಂದ ಮುಂದಕ್ ನಡ್ಕಂಡ್ ಬಪ್ದಾ? ಕಾಂಬ, ಒಂದ್ ಪಿನ್ ಇತ್ತಾ ಅಕ್ಕ?"

ನನ್ನ ಹತ್ತಿರ ಪಿನ್ನಿಗೆ ಬರವೇ? "ಇದ್ ಕರಿಮಣಿಯಾ, ಪಿನ್ನಿನ್ ಅಂಗ್ಡಿಯಾ" ಎಂದು ನೀನು ಚೇಷ್ಟೆ ಮಾಡುತ್ತಿದ್ದೆ. ಅದರಿಂದ ಒಂದು ಬಿಚ್ಚಿಕೊಟ್ಟೆ. ಬ್ಯಾಟರಿ ಪಕ್ಕ, ಯಾವುದಕ್ಕೂ ಸಿಕ್ಕಿಸದೆ ಬಿಟ್ಟ ಒಂದು ಸಣ್ಣ ಪ್ಲಗ್ಗು ಇರುತ್ತದಂತೆ. ಅದರ ಎರಡು ತೂತಿಗೆ ಪಿನ್ನು ಬಾಗಿಸಿ ಹಾಕಿ, ನನ್ನನ್ನು ಒಳಗೆ ಕೂರಿಸಿ, ಕೀ ತಿರುಗಿಸಿ ದೀಪ ಎಷ್ಟು ಸಲ ಮಿನುಗುತ್ತದೆ ಎಣಿಸಿ ಎಂದ. ಒಂದು ಸಲ ಮಿನುಗಿತು, ತಡೆಯಿತು, ಮತ್ತೆ ನಾಲ್ಕು ಸಲ. ಮೂರು ಬಾರಿ ಎಣಿಸಿದೆ, ಮೂರು ಬಾರಿಯೂ ಒಂದು ಮತ್ತು ನಾಲ್ಕು. "ಹದಿನಾಲ್ಕ್" ಎಂದು ಅವನು ಎಣ್ಣೆ ಹಿಡಿದ ಪುಸ್ತಕ ತಿರುವಿದ. ಇಂಜಿನ್ ಬಿಸಿಯೋ ತಣ್ಣಗೋ ಎಂದು ಕಂಪ್ಯೂಟರಿಗೆ ಹೇಳುವ ಒಂದು ಸೆನ್ಸರ್ ಇದೆಯಂತೆ. ಅದು ಸುಳ್ಳು ಹೇಳುತ್ತಿದೆ, ಅದಕ್ಕೇ ಪೆಟ್ರೋಲ್ ಲೆಕ್ಕ ತಪ್ಪುತ್ತಿದೆ ಎಂದ. ಹಳೆ ಕಾರಿಗೆ ಇಷ್ಟು ಮಾತು ಬರುತ್ತದೆ ಎಂದು ನನಗೇನು ಗೊತ್ತಿತ್ತು!

ಹೊಸ ಸೆನ್ಸರ್ ಹಾಕಿಬಿಡಿ ಎಂದೆ. "ಹಾಕುವ ಮೊದ್ಲ್ ಕಾಂಬ" ಎಂದು ಅದರ ತಲೆಗೆ ಸಿಕ್ಕಿಸಿದ ವಯರು ಕಿತ್ತು, ನನ್ನ ಮುಂದೆ ಹಿಡಿದ. ಒಳಗೆ ಹಸಿರು ಕಿಲುಬು, ಅಂಟು, ಸತ್ತ ಇರುವೆಗಳು, ಒಂದಿಷ್ಟು ಕುಂಕುಮ, ಎರಡು ಅಕ್ಷತೆ ಕಾಳು.

"ಉಪ್ಪ್ ನೀರಿಗೆ ಇರುವೆ ಬತ್ತಿಲ್ಲೆ ಅಕ್ಕ. ಇದಕ್ಕೆ ಬೊಂಡದ್ ನೀರ್ ಹಾಕದ್ದ್ ಯಾರ್?"

ಯಾರು ಎಂದು ಕೇಳಬೇಕೆ! ಆಯುಧಪೂಜೆಯ ದಿನ ಗೇಟಿನ ಹತ್ತಿರ ನಿಂತು ನೀನೇ ನೋಡಿದ್ದೆಯಲ್ಲ. ಊರಿನವರೆಲ್ಲ ಚಕ್ರಕ್ಕೆ ಲಿಂಬೆಹಣ್ಣು ಇಟ್ಟು ಸುಮ್ಮನಾಗುತ್ತಾರೆ, ನನಗೆ ಅಷ್ಟು ಸಾಕಾಗಲಿಲ್ಲ. ಬಾನೆಟ್ ಎತ್ತಿಸಿ, ಮನೆಮಂದಿ, ಅಕ್ಕಪಕ್ಕದವರ ಕೈಯಿಂದೆಲ್ಲ ಕುಂಕುಮ ಅಕ್ಷತೆ ಹಾಕಿಸಿ, ಕೊನೆಗೆ ಎರಡು ಬೊಂಡ ಕೆತ್ತಿ ದೇವರಿಗೆ ಅಭಿಷೇಕ ಮಾಡುವ ಹಾಗೆ ಇಂಜಿನ್ನಿನ ಮೇಲೆ ಸುರಿದವಳು ನಾನು. ಎಳನೀರು ಒಣಗಿ ಸಿಹಿ ಉಳಿಯಿತು, ಇರುವೆ ಬಂತು, ಕಿಲುಬು ಹಿಡಿಯಿತು. ತಿಂಗಳಾಗುವಷ್ಟರಲ್ಲಿ ದೀಪ ಹೊತ್ತಿತು. ಗುಣಪಾಲನ ಎದುರು ನಾನೇ ಎಂದು ಹೇಳಿದಾಗ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಅವನು ಹಲ್ಲುಜ್ಜುವ ಹಳೆ ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ಸಿಕ್ಕಿಸಿದ. ಬ್ಯಾಟರಿ ಸ್ವಲ್ಪ ಹೊತ್ತು ಬಿಚ್ಚಿಟ್ಟು ಮತ್ತೆ ಹಾಕಿದ. ಕೀ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್. ದೀಪ ಒಂದು ಗಳಿಗೆ ಇದ್ದು ಆರಿತು. ನಾನು ಸ್ಟೇರಿಂಗ್ ಹಿಡಿದುಕೊಂಡು ಅತ್ತುಬಿಟ್ಟೆ. ಅವನು ಹೆದರಿ, "ಎಂತಾಯ್ತ್ ಅಕ್ಕ, ಸರಿ ಆಯ್ತಲೆ?" ಎಂದ. ಪುಣ್ಯಾತ್ಮ, ಅವನ ಉಪಕಾರ ಮರೆಯಲಾರೆ. ಹೊಸದು ಹಾಕಿ ಕಳಿಸಿದ್ದರೆ ನನಗೆ ಸತ್ಯ ಗೊತ್ತೇ ಆಗುತ್ತಿರಲಿಲ್ಲ, ಸಾಯುವವರೆಗೂ ನಿನ್ನ ಬುಟ್ಟಿಯನ್ನೇ ದೂರುತ್ತಿದ್ದೆ.

ಪಿನ್ನು ವಾಪಸು ಕೊಟ್ಟ. ಅದನ್ನು ಸಿಕ್ಕಿಸಿಕೊಳ್ಳುವಾಗ ನಿನ್ನ ಉಪಕಾರವೂ ಒಂದೊಂದೇ ನೆನಪಾಯಿತು. ನಿನ್ನ ಗಂಡ ಕಡಲಿಗೆ ಹೋಗಿ ತಿರುಗಿ ಬಾರದ ವರ್ಷ, ನಿನ್ನ ದುಃಖದ ನಡುವೆಯೇ ನನ್ನನ್ನು ಬಂದರಿಗೆ ಕರೆದುಕೊಂಡು ಹೋಗಿ ಏಲಂ ಕೂಗಲಿಕ್ಕೆ ಕಲಿಸಿದೆ. ಬಂಗುಡೆಯ ಕಿವಿರು ಎತ್ತಿ ನೋಡಲಿಕ್ಕೆ ಕಲಿಸಿದೆ. ನಾನು ಕಾರು ಕಲಿಯುವಾಗ, ಗಂಡಸರೆಲ್ಲ ದಾರಿ ಬದಿಗೆ ನಿಂತು ನಗುವಾಗ, ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡಾದರೂ ಕೂತವಳು ನೀನೊಬ್ಬಳೇ. "ಸತ್ರೆ ಇಬ್ರೂ ಸಾಯ್ವ, ಹೊಡಿ" ಎಂದಿದ್ದೆ. ನಾನು ಇವತ್ತು ಉಣ್ಣುವ ಅನ್ನದಲ್ಲಿ ನಿನ್ನ ಪಾಲಿದೆ.

ಅಣ್ಣನ ಮನೆಯಲ್ಲಿ ನಿನಗೆ ಯಾವುದಕ್ಕೂ ಕಡಿಮೆ ಇರಲಿಕ್ಕಿಲ್ಲ. ಆದರೂ ಕೇಳುತ್ತೇನೆ, ಬಾ. ಟಾರ್ಪಾಲು ತೊಳೆದು ಹಾಸಿದ್ದೇನೆ, ಅದರ ಮೇಲೆ ನಿನ್ನ ಬುಟ್ಟಿಗಳ ಅರ್ಧ ಜಾಗ ಖಾಲಿ ಇದೆ. ಬೈಂದೂರು ಸ್ಟೇಷನ್ನಿಗೆ ನಾನೇ ಕಾರು ತರುತ್ತೇನೆ. ಅಂಗಳದಲ್ಲಿ ನಿನ್ನನ್ನು ಬೈದದ್ದನ್ನು ಕೇಳಿದ ಆ ನಾಲ್ಕು ಮನೆಗೂ ಹೋಗಿ ತಪ್ಪು ನನ್ನದು ಎಂದು ಹೇಳಿ ಬಂದೆ. ಅತ್ತೆ ನಿನ್ನನ್ನು ತುಂಬ ಕೇಳಿದ್ದಾರೆ, ಒಣ ಸಿಗಡಿ ಕಟ್ಟಿಟ್ಟಿದ್ದಾರೆ. ಅದನ್ನು ಮುಂಬೈಗೆ ಕಳಿಸುವುದಿಲ್ಲವಂತೆ, ಬಂದು ತಿನ್ನಬೇಕಂತೆ. ಕಿರಿಮಂಜೇಶ್ವರದ ದೇವರು ನಿನ್ನ ಕೈಕಾಲು ಗಟ್ಟಿ ಇಟ್ಟು, ನೀನು ನಗುನಗುತ್ತಾ ಇರುವ ಹಾಗೆ ಮಾಡಲಿ.

ಇಂತಿ ನಿನ್ನ
ಸುಗುಣ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಿಕ್ಕೆ ಧೈರ್ಯ ಬರಲಿಲ್ಲ. ಅವತ್ತು ಅಂಗಳದಲ್ಲಿ ಬುಟ್ಟಿ ಇಳಿಸು ಎಂದಷ್ಟೇ ನಾನು ಹೇಳಲಿಲ್ಲ. "ನಿನ್ ಕೈ ತಾಗ್ದದ್ದ್ ಯಾವ್ದ್ ಉಳ್ದಿತ್?" ಎಂದೆ. ಗಂಡನನ್ನು ಕಳೆದುಕೊಂಡವಳಿಗೆ ಆ ಮಾತು ಎಲ್ಲಿ ಹೊಕ್ಕಿತು ಎಂದು ಗೊತ್ತಿದ್ದೇ ಹೇಳಿದೆ. ಪೂಜೆಯ ದಿನವೂ ಹಾಗೆಯೇ. "ನಾನೂ ಒಂದ್ ಬೊಟ್ಟ್ ಇಡ್ಲಾ?" ಎಂದು ನೀನು ಬೆರಳಿಗೆ ಕುಂಕುಮ ಹಚ್ಚಿಕೊಂಡು ಬಂದೆ. ಇವತ್ತು ಬೇಡ, ನೀನು ದೂರ ನಿಲ್ಲು ಎಂದು ಗೇಟಿನ ಹತ್ತಿರ ನಿಲ್ಲಿಸಿದವಳು ನಾನು. ನೀನು ಕುಂಕುಮವನ್ನು ಸೆರಗಿಗೆ ಒರೆಸಿಕೊಂಡೆ. ಆ ಬಾನೆಟ್ಟಿನ ಒಳಗೆ ಅವತ್ತು ಎಲ್ಲರ ಕೈಯೂ ಹೋಗಿತ್ತು ಪ್ರಭಾ, ನಿನ್ನದೊಂದು ಬಿಟ್ಟು.