ಸಮಾಧಾನಕರ ಬಹುಮಾನದ ಹಾಸಿಗೆ

ರಾಣೆಬೆನ್ನೂರು
೨೧೮೭, ಚೈತ್ರದ ಮೂವತ್ತೆಂಟನೇ ದಿನ

ಹಿರಿಯರಾದ ಗಿರಿಜವ್ವನವರಿಗೆ, ನಿಮ್ಮ ಏಳನೇ ತಲೆಮಾರಿನ ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾದ ಮೇಲೆ ನಮ್ಮ ಚೈತ್ರಕ್ಕೆ ನಲವತ್ತು ದಿನ. ನನ್ನ ಮಾತು ಎಲ್ಲಾದರೂ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಲಗ್ನಪತ್ರಿಕೆಗಳಿಂದ ಕಲಿತವಳು.

೨೦೧೧ರಲ್ಲಿ ಟಿವಿಯ ಮಹಿಳೆಯರ ಸ್ಪರ್ಧೆಯೊಂದರಲ್ಲಿ ನೀವು ಕೊನೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟಿರಂತೆ. ಸ್ಕೂಟರ್ ಇನ್ನೊಬ್ಬರ ಪಾಲಾಯಿತು. ನಿಮಗೆ ಸಿಕ್ಕಿದ್ದು ಸಮಾಧಾನಕರ ಬಹುಮಾನ, ಆಗಷ್ಟೇ ತೆರೆದಿದ್ದ ಆಸ್ಪತ್ರೆಯೊಂದರ ಕಾರ್ಡು. ನಿಮ್ಮ ಮನೆತನದವರಿಗೆ ಒಂದು ಹಾಸಿಗೆ, ಎಂದೆಂದಿಗೂ. "ಮಂದಿ ಗಾಡಿ ಗೆದ್ರ, ನಮ್ಮಾಕಿ ಜಡ್ಡು ಗೆದ್ಕೊಂಡ ಬಂದಾಳ" ಎಂದು ಓರಗಿತ್ತಿಯರು ನಕ್ಕರಂತೆ. ನೀವು ಅತ್ತು, ಅದನ್ನು ಟ್ರಂಕಿನ ತಳಕ್ಕೆ ಹಾಕಿದಿರಿ.

ಈಗ ಊರಿಗೆಲ್ಲ ಆ ಆಸ್ಪತ್ರೆಯೊಂದೇ ಉಸಿರುಮನೆ. ಶುದ್ಧಗಾಳಿಯ ಕೋಣೆಗಳಿರುವ ಆಸ್ಪತ್ರೆಯನ್ನು ನಾವು ಹಾಗೆ ಕರೆಯುತ್ತೇವೆ. ಧೂಳುಜ್ವರ ಹಿಡಿದವರು ಬದುಕುವುದು ಅಲ್ಲಿ ಮಲಗಿದರೆ ಮಾತ್ರ. ಹದಿನಾಲ್ಕು ಹಾಸಿಗೆ. ಹದಿಮೂರಕ್ಕೆ ಊರವರು ತಿಂಗಳುಗಟ್ಟಲೆ ಸರದಿ ಕಾಯುತ್ತಾರೆ, ಹದಿನಾಲ್ಕನೆಯದು ನಮ್ಮದು. ತೊಟ್ಟಿಲ ಶಾಸ್ತ್ರಕ್ಕೆ ಬಂದ ಬೀಗರು ಮಗುವಿಗಿಂತ ಮೊದಲು ಕಾರ್ಡು ನೋಡುತ್ತಾರೆ. ಹಿರಿಯ ಮಗಳೆಂದು ಅದು ನನ್ನ ಕೈಗೆ ಬಂತು.

ಹೋದ ಮಾಘದಲ್ಲಿ ನನ್ನ ಗಂಡ ರುದ್ರಪ್ಪನವರಿಗೆ ಜ್ವರ ಬಂತು. ಸೇರಿಸಿದೆ. ಐದನೇ ದಿನ ಡಾಕ್ಟರು, "ಇನ್ನ ಮನಿಗೆ ಕರ್ಕೊಂಡ ಹೋಗಬಹುದು" ಎಂದರು. ಅದೇ ಮಧ್ಯಾಹ್ನ ತಂಗಿ ಶಾಂಭವಿಯ ಮಗಳು ಮಂದಾಕಿನಿ ಓಡಿಬಂದಳು.

"ದೊಡ್ಡವ್ವಾ, ಅವ್ವಗ ಉಸಿರಾಡ್ಲಿಕ್ಕ ಆಗವಲ್ದು. ದೊಡ್ಡಪ್ಪ ಆರಾಮ ಆಗ್ಯಾರಂತಲ್ಲ?"

"ಇನ್ನಾ ನಿಶ್ಶಕ್ತಿ ಐತವಾ. ಎರಡ ದಿನ ತಡಿ" ಎಂದೆ.

ಸುಳ್ಳು. ಅವರು ಎದ್ದು ಕೂತು ಮೊಸರನ್ನ ಉಣ್ಣುತ್ತಿದ್ದರು. ಹಾಸಿಗೆ ಬಿಟ್ಟ ಮೇಲೆ ಜ್ವರ ಮರುಕಳಿಸಿದರೆ ಏನು ಗತಿ ಎಂದು ಹೆದರಿದೆ, ಅಷ್ಟೇ. ಮರುದಿನ ಸಂಜೆ ಶಾಂಭವಿ ತೀರಿಕೊಂಡಳು. ಕೊನೆಯವರೆಗೂ ನನ್ನ ಗಂಡನನ್ನು ನೆನೆದು "ಮಾವಗ ಇನ್ನಾ ನಿಶ್ಶಕ್ತಿಯಂತ, ಪಾಪ" ಎನ್ನುತ್ತಿದ್ದಳಂತೆ.

ನಿಜ ತಿಳಿದಾಗ ಗಂಡ, "ನನ್ನ ಒಂದ ಮಾತ ಕೇಳಬಾರದಾಗಿತ್ತೇನ?" ಎಂದರು. ಅಂದಿನಿಂದ ತಾವೇ ಬಡಿಸಿಕೊಂಡು ಉಣ್ಣುತ್ತಾರೆ.

ತಂಗಿಯ ತಿಂಗಳ ಕಾರ್ಯ ಮುಗಿದ ಮೇಲೆ ಕಾರ್ಡು ಹಿಡಿದು ಮಂದಾಕಿನಿಯ ಮನೆಗೆ ಹೋದೆ. ಎಲ್ಲ ಹೇಳಿದೆ. "ಇನ್ನ ಮ್ಯಾಲೆ ನೀನ ಇಟ್ಕೋ" ಎಂದೆ. ಅವಳು ಕಾರ್ಡನ್ನು ನನ್ನ ಕಡೆಗೇ ಸರಿಸಿದಳು.

"ಬ್ಯಾಡ. ನಾಳೆ ನಿಮಗ ಜ್ವರ ಬಂದ್ರ ನಾನೂ ತಡೀರಿ ಅಂತೀನೇನೋ. ನನಗ ನನ್ನ ಮ್ಯಾಲೇ ನಂಬಿಗಿಲ್ಲ."

ಇಬ್ಬರೂ ಹೋಗಿ ಕಾರ್ಡನ್ನು ಆಸ್ಪತ್ರೆಗೆ ಹಿಂದಿರುಗಿಸಿದೆವು. ಹದಿನಾಲ್ಕನೆಯ ಹಾಸಿಗೆ ಸರದಿಗೆ ಸೇರಿತು. ಅದರಲ್ಲಿ ಮೊದಲು ಮಲಗಿದವಳು ಎಪಿಎಂಸಿ ಹಮಾಲರೊಬ್ಬರ ಹೆಂಡತಿ, ಬದುಕಿದಳು. ಮನೆತನದ ಆಸ್ತಿ ಹಾಳುಮಾಡಿದವಳೆಂದು ನಮ್ಮವರು ಯಾರೂ ನನ್ನನ್ನು ಮಾತಾಡಿಸುವುದಿಲ್ಲ. ನಾಲ್ಕು ದಿನದಿಂದ ನನಗೂ ಕೆಮ್ಮು. ಹೆಸರು ಬರೆಸಿದ್ದೇನೆ, ನೂರಾ ಆರನೆಯವಳು.

ನಿಮ್ಮ ಬಹುಮಾನವನ್ನು ಕಳೆದೆ ಎಂದು ನೀವು ಬೈದರೆ ಬೈಯಿರಿ. ಒಂದೇ ಬೇಡಿಕೆ. ನೀವಿರುವಲ್ಲಿಗೆ ಶಾಂಭವಿ ಬಂದಿದ್ದರೆ, ಅವಳ ಮಾವ ಅಂದು ಆರಾಮಾಗಿದ್ದರೆಂದು ತಿಳಿಸಿ. ಅವಳಿಗೆ ಅದನ್ನು ಹೇಳುವಷ್ಟು ಧೈರ್ಯ ನನಗಿರಲಿಲ್ಲ.

ಇತಿ,
ನೀಲಗಂಗಾ